ಗೌರಿಯ ಎಡಗಾಲಿನ ಲಾಳ

ಆದಿವಾಲ

ಕಳೆದ ಮೇ ಹದಿನೆಂಟರ ಭಾನುವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಹಿರಿಯೂರಿನ ಕಲ್ಯಾಣ ಮಂಟಪವೊಂದರ ಮುಂದೆ, ಮದುಮಗನನ್ನು ಹೊತ್ತು ಮೆರವಣಿಗೆಯಲ್ಲಿ ಬರುತ್ತಿದ್ದ ಬಿಳಿ ಕುದುರೆಯ ಮುಂದಿನ ಎಡಗಾಲಿನ ಲಾಳ ಕಳಚಿ ಬಿತ್ತು. ಮದುಮಗ ಬೀಳಲಿಲ್ಲ. ಅವನ ಪೇಟ ಬಿತ್ತು. ಬ್ಯಾಂಡಿನವರು ಒಂದು ನಿಮಿಷ ನಿಲ್ಲಿಸಿ ಮತ್ತೆ ಶುರು ಮಾಡಿದರು. ಬಿದ್ದ ಲಾಳವನ್ನು ಹೆಣ್ಣಿನ ಕಡೆಯವರು ಅದೃಷ್ಟದ ವಸ್ತು ಎಂದು ಎತ್ತಿಕೊಂಡರು. ಎರಡು ಸಲ ಕೇಳಿದರೂ ವಾಪಸು ಕೊಡಲಿಲ್ಲ.

ಕುದುರೆಯ ಹೆಸರು ಗೌರಿ. ವಯಸ್ಸು ಹನ್ನೊಂದು. ಅದನ್ನು ಸಾಕಿರುವವರು ಆದಿವಾಲದಲ್ಲಿರುವ ನನ್ನ ಸೋದರಮಾವ ತಿಪ್ಪೇಸ್ವಾಮಿ. ಅವರ ಅಪ್ಪನ ಕಾಲದಲ್ಲಿ ಕುರಿ ಹಿಂಡಿನ ಜೊತೆ ಊರೂರು ತಿರುಗುವಾಗ ಕಂಬಳಿ, ಪಾತ್ರೆ ಹೊರಲು ಮನೆಯಲ್ಲಿ ಕುದುರೆ ಇರುತ್ತಿತ್ತು. ಈಗ ಕುರಿಗಳು ಊರ ಸುತ್ತಲೇ ಮೇಯುತ್ತವೆ. ಕುದುರೆ ಮದುವೆಗಳಿಗೆ ಹೋಗುತ್ತದೆ. ನಾನು ಚಿತ್ರದುರ್ಗದ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ.

ಗೌರಿಯ ಮುಂದಿನ ಎಡಗೊರಸು ಉಳಿದ ಮೂರರ ಹಾಗಿಲ್ಲ. ಮರಿಯಾಗಿದ್ದಾಗ ಕಾಲು ಚಪ್ಪಡಿ ಸಂದಿಗೆ ಸಿಕ್ಕಿಕೊಂಡಿತ್ತು. ಆಮೇಲೆ ಗೊರಸು ಹೊರಗಡೆಗೆ ಉಬ್ಬಿ, ಒಳಗಡೆ ನೆಟ್ಟಗೆ ಬೆಳೆಯಿತು. ಅಂಗಡಿಯ ಲಾಳ ಅದಕ್ಕೆ ಕೂರುವುದಿಲ್ಲ. ಹಿರಿಯೂರಿನ ಬುಡೇನ್ ಸಾಬರು ಆ ಒಂದು ಕಾಲಿಗೆಂದು ಕೈಯಲ್ಲೇ ಬಡಿದು ಲಾಳ ಮಾಡಿ ಕಟ್ಟುತ್ತಿದ್ದರು. ಕೈ ನಡುಕ ಬಂದ ಮೇಲೆ ಅವರು ದಾವಣಗೆರೆಯ ಮಗಳ ಮನೆಗೆ ಹೋಗಿಬಿಟ್ಟರು.

ಮಾವ ಹೊಳಲ್ಕೆರೆಯಿಂದ ಈರಣ್ಣನವರನ್ನು ಕರೆಸಿದರು. ಈರಣ್ಣ ಎತ್ತುಗಳಿಗೆ ಲಾಳ ಕಟ್ಟುವುದರಲ್ಲಿ ಹೆಸರುವಾಸಿ. ನಮ್ಮ ಕಡೆ ಎತ್ತನ್ನು ಹಗ್ಗ ಹಾಕಿ ಕೆಡವುತ್ತಾರೆ, ನಾಲ್ಕೂ ಕಾಲು ಸೇರಿಸಿ ಬಿಗಿಯುತ್ತಾರೆ, ಮಲಗಿರುವ ಎತ್ತಿನ ಗೊರಸು ಮುಖಕ್ಕೆ ಎದುರಾಗಿರುವಾಗ ಅಳತೆ ತೆಗೆದು ಮೊಳೆ ಹೊಡೆಯುತ್ತಾರೆ. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತುಂಡು ಲಾಳ. ಈರಣ್ಣ ಅದೇ ಹಗ್ಗ ತೆಗೆದು ಗೌರಿಯ ಕಾಲಿಗೆ ಹಾಕಿದರು. ಅರ್ಧ ನಿಮಿಷದ ನಂತರ ಅವರು ಬೇವಿನ ಮರದ ಆಚೆ ಬದಿಯಲ್ಲಿ ಸಿಕ್ಕರು.

"ಇದು ಎತ್ತಲ್ಲ ಸ್ವಾಮಿ," ಎಂದರು ಮೈಮೇಲಿನ ಮಣ್ಣು ಒದರಿಕೊಳ್ಳುತ್ತ.

"ಅದು ನಂಗೂ ಗೊತ್ತೈತೆ ಕಣೋ ಈರಣ್ಣ," ಎಂದರು ಮಾವ.

ಆಮೇಲೆ ಮಾವ ಬಾವಿಯ ಕಡೆ ಮುಖ ಮಾಡಿ ಹೇಳಿದ್ದು ಇಷ್ಟು: "ಆಷಾಢದಾಗೆ ಹೆಂಗೂ ಮದುವೆ ಇಲ್ಲ. ಶ್ರಾವಣದ ಮೊದಲನೇದು ಹೊಸದುರ್ಗದಾಗೆ ಐತೆ. ಅಷ್ಟರಾಗೆ ಕಾಲಿಗೆ ಲಾಳ ಬರಲಿಲ್ಲ ಅಂದ್ರೆ ಅರಸೀಕೆರೆ ದಲ್ಲಾಳಿ ಕೈಗೆ ಹಗ್ಗ ಕೊಟ್ಟುಬಿಡ್ತೀನಿ. ಟಾರ್ ರೋಡಿನಾಗೆ ಬರೀ ಗೊರಸಲ್ಲಿ ನಡೆಸಿ ಅದರ ಕಾಲು ಕೆಡಿಸೋ ಪಾಪ ನಂಗೆ ಬ್ಯಾಡ."

ಅತ್ತೆ ಅವತ್ತು ಮಧ್ಯಾಹ್ನ ಮಾವನಿಗೆ ಮಜ್ಜಿಗೆ ಬಡಿಸಲಿಲ್ಲ.

ನನ್ನ ನಾದಿನಿ ಮಂಜುಳಾ ಬ್ರಿಟನ್ನಿನ ವೇಲ್ಸ್ ಪ್ರಾಂತದ ಒಂದು ಸಣ್ಣ ಪಟ್ಟಣದಲ್ಲಿ ನರ್ಸ್. ಬಾ ಬಾ ಎಂದು ಮೂರು ವರ್ಷದಿಂದ ಕರೆಯುತ್ತಿದ್ದಳು. ಟೀಚರಾಗಿರುವ ಹೆಂಡತಿಗೆ ಶಾಲೆ ಶುರುವಾಗಿತ್ತು, ನನಗೆ ರಜೆ ಉಳಿದಿತ್ತು. ಅವಳ ಊರಿನ ಹತ್ತಿರವೇ ಹೊಸಬರಿಗೆ ಕೈಯಲ್ಲಿ ಕುದುರೆ ಲಾಳ ಮಾಡುವುದನ್ನು ಹತ್ತು ದಿನ ಕಲಿಸುವ ಕುಲುಮೆ ಇದೆ ಎಂದು ಅವಳೇ ವಿಚಾರಿಸಿ ತಿಳಿಸಿದಳು. ಆದಿವಾಲಕ್ಕೆ ಹೋಗಿ ಈ ವಿಷಯ ಹೇಳಿದೆ.

ಮಾವ ನನ್ನ ಅಂಗೈ ಹಿಡಿದು ಮಗುಚಿ ನೋಡಿದರು. "ಏನಪ್ಪ ಅಳಿಯ, ನೀನು ಬರಿಯೋನು. ಬಡಿತೀಯಾ?"

"ಕಲೀತೀನಿ ಮಾವ."

"ಹೋಗಿ ಬಾ. ದಲ್ಲಾಳಿಗೆ ಶ್ರಾವಣದ ತನಕ ತಡಿ ಅಂತೀನಿ."

ಗೊರಸಿನ ಅಳತೆ ಬೇಕೆಂದು ಕೇಳಿದ್ದೆ. ಹೊರಡುವ ಹಿಂದಿನ ದಿನ ಮಾವ ಅದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ನಮ್ಮ ಪತ್ರಿಕೆಯದ್ದೇ ಮೂರನೇ ಪುಟ. ಅದರ ಮೇಲೆ ಇದ್ದಲಿನಲ್ಲಿ ಎಳೆದ ಗೊರಸಿನ ಆಕಾರ, ಪಕ್ಕದಲ್ಲಿ 'ಎಡಗಾಲು' ಎಂಬ ಬರಹ. ಕಾಗದ ನಡುವೆ ಸ್ವಲ್ಪ ಹರಿದಿತ್ತು. ಬಸ್ಸಿನಲ್ಲಿ ಹರಿದಿರಬೇಕು ಎಂದುಕೊಂಡೆ.

ಲಂಡನ್ ವಿಮಾನ ನಿಲ್ದಾಣ

ಈರಣ್ಣನವರು ತಮ್ಮ ಹಗ್ಗವನ್ನು ನನ್ನ ಚೀಲಕ್ಕೆ ಹಾಕಿಸಿದ್ದರು. "ಹಗ್ಗ ಇಲ್ದೆ ಲಾಳ ಕಟ್ಟೋರನ್ನ ನಾನು ಕಂಡಿಲ್ಲ. ಅಲ್ಲಿ ಸಿಗುತ್ತೋ ಇಲ್ಲೋ. ತಗಂಡು ಹೋಗ್ರಿ, ವಾಪಸು ತರ್ರಿ" ಎಂದಿದ್ದರು.

ಲಂಡನ್ನಿನಲ್ಲಿ ಸುಂಕದ ಅಧಿಕಾರಿಯೊಬ್ಬರು ಚೀಲ ತೆರೆಸಿದರು. ಪುಳಿಯೋಗರೆ ಗೊಜ್ಜಿನ ಡಬ್ಬಿ, ಉಪ್ಪಿನಕಾಯಿ, ಸ್ವೆಟರ್ ಸರಾಗವಾಗಿ ದಾಟಿದವು. ಹಗ್ಗದ ಬಳಿ ಕೈ ನಿಂತಿತು.

"ಇದು ಯಾತಕ್ಕೆ?"

"ಕುದುರೆಯನ್ನು ಕೆಡವಲು," ಎಂದೆ. ಅದೇ ಸತ್ಯವಾಗಿತ್ತು.

ಅವರು ಇನ್ನೊಬ್ಬರನ್ನು ಕರೆದರು. ಇಬ್ಬರಿಗೂ ಕಾಗದ ಬಿಡಿಸಿ ಗೊರಸಿನ ಚಿತ್ರ ತೋರಿಸಿದೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಕುಲುಮೆಯವರ ಪತ್ರ ತೋರಿಸಿದ ಮೇಲೆ ಮೂರನೆಯವರು ಬಂದರು. ಅವರ ತಂಗಿ ಕುದುರೆ ಸಾಕಿದ್ದರಂತೆ. "ಅಲ್ಲಿ ಯಾರೂ ನಿಮಗೆ ಕುದುರೆಯನ್ನು ಕೆಡವಲು ಬಿಡುವುದಿಲ್ಲ," ಎಂದು ವಿನಯದಿಂದ ಹೇಳಿ ಹಗ್ಗವನ್ನು ಮೊದಲಿಗಿಂತ ಚೆನ್ನಾಗಿ ಸುತ್ತಿ ಒಳಗಿಟ್ಟರು.

ಹೊರಗೆ ಮಂಜುಳಾ ಒಂದು ಗಂಟೆಯಿಂದ ಕಾದಿದ್ದಳು. "ಏನಾಯ್ತು ಭಾವ?"

"ಹಗ್ಗ," ಎಂದೆ.

"ಉಪ್ಪಿನಕಾಯಿ ಬಿಟ್ರಾ?"

"ಬಿಟ್ರು."

"ಹಂಗಾದ್ರೆ ನಡೀರಿ, ಹೋಗಾಣ."

ಮೊದಲ ದಿನ

ಕುಲುಮೆ ಇರುವ ಊರಿನ ಹೆಸರನ್ನು ಮಂಜುಳಾ ಒಂದು ಥರ ಹೇಳುತ್ತಾಳೆ, ಅಲ್ಲಿಯವರು ಇನ್ನೊಂದು ಥರ ಹೇಳುತ್ತಾರೆ. ನಾನು ಬಸ್ಸಿನಲ್ಲಿ ಕೈ ತೋರಿಸಿ ಟಿಕೆಟ್ ಪಡೆದೆ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಧನ್ಯವಾದ ಹೇಳಿ ಇಳಿಯುತ್ತಾರೆ. ಹೇಳದೆ ಇಳಿದ ನನ್ನನ್ನು ಒಬ್ಬ ಅಜ್ಜಿ ತಿರುಗಿ ನೋಡಿದರು. ಹಿರಿಯೂರು–ಹೊಸದುರ್ಗ ಖಾಸಗಿ ಬಸ್ಸಿನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿಯುವುದು ನಮ್ಮ ಅಭ್ಯಾಸ. ಧನ್ಯವಾದಕ್ಕೆ ಸಮಯ ಸಿಗುವುದಿಲ್ಲ.

ಬಸ್ಸಿನ ಎರಡೂ ಬದಿ ಗುಡ್ಡಗಳ ಮೇಲೆ ಕುರಿಗಳಿದ್ದವು. ಎಷ್ಟು ನೋಡಿದರೂ ಕುರಿ ಕಾಯುವವರು ಕಾಣಲಿಲ್ಲ. ಮಳೆ ಅಡ್ಡಡ್ಡ ಬೀಳುತ್ತಿತ್ತು. ಕುರಿಗಳು ಮೇಯುತ್ತಲೇ ಇದ್ದವು. ಈ ಫೋಟೊವನ್ನು ಮಾವನಿಗೆ ಕಳಿಸಿದೆ. "ಇಷ್ಟು ಕುರಿ ಬಿಟ್ಟು ಎಲ್ಲಿ ಕುಂತವ್ರೆ ಅವರು?" ಎಂದು ಉತ್ತರ ಬಂತು.

ಕುಲುಮೆ ಕಲ್ಲುಗೋಡೆಯ ತಗ್ಗು ಕಟ್ಟಡ. ಕಲಿಸುವವರ ಹೆಸರು ಗ್ವೆನ್. ಐವತ್ತೈದರ ಹೆಂಗಸು, ತೋಳು ಈರಣ್ಣನವರ ತೋಳಿನಷ್ಟೇ ದಪ್ಪ. ನಾನು "ಮೇಡಂ" ಎಂದಾಗ ಅವರು ಹಿಂದೆ ಯಾರು ಬಂದರೆಂದು ತಿರುಗಿ ನೋಡಿದರು. ಹೆಸರು ಹಿಡಿದು ಕರೆಯಿರಿ ಎಂದರು. ಗುರುವನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ. ಹತ್ತು ದಿನವೂ ಅವರನ್ನು ಏನೂ ಕರೆಯದೆ, ಕೆಮ್ಮಿ ಮಾತು ಶುರು ಮಾಡಿದೆ. ನನ್ನ ಜೊತೆ ಕಲಿಯಲು ಬಂದಿದ್ದವರು ಒಬ್ಬರೇ, ಅಲನ್ ಎಂಬ ನಿವೃತ್ತ ಅಂಚೆಯವರು. ಅವರ ಬಳಿ ಕುದುರೆ ಇರಲಿಲ್ಲ. ಮನೆಯ ಬಾಗಿಲ ಮೇಲೆ ಹೊಡೆಯಲು ತಾನೇ ಮಾಡಿದ ಲಾಳ ಬೇಕಿತ್ತು. ಹಿರಿಯೂರಿನ ಹೆಣ್ಣಿನ ಕಡೆಯವರ ವಿಷಯ ಹೇಳಿದೆ. "ಬುದ್ಧಿವಂತರು," ಎಂದರು.

ಗ್ವೆನ್ ಒಳಗೆ ಬನ್ನಿ ಎಂದರು. ನಾನು ಹೊಸ್ತಿಲ ಬಳಿ ಬೂಟು, ಕಾಲುಚೀಲ ಬಿಚ್ಚಿಟ್ಟು ಒಳಗೆ ಹೋದೆ.

ಇದನ್ನು ಯೋಚಿಸಿ ಮಾಡಿದ್ದಲ್ಲ. ನನ್ನೂರು ಮತ್ತೋಡು. ಅಲ್ಲಿ ಚಿಕ್ಕಂದಿನಿಂದ ಯಾರೂ ಚಪ್ಪಲಿ ಹಾಕಿಕೊಂಡು ಕುಲುಮೆಗೆ ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಗ್ವೆನ್ ನನ್ನ ಬರಿಗಾಲು ನೋಡಿದರು. ಆಮೇಲೆ ನೆಲದ ಮೇಲಿದ್ದ ಕಾದ ಕಬ್ಬಿಣದ ಚೂರುಗಳನ್ನು ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ಸುರಕ್ಷತಾ ನಿಯಮಗಳ ಫಲಕವನ್ನು ತೋರಿಸಿದರು. ಮೊದಲನೆಯ ನಿಯಮವೇ ಬೂಟಿನ ಬಗ್ಗೆ ಇತ್ತು.

"ಇದು ಗೌರವಕ್ಕೆ," ಎಂದೆ.

"ನಿಮ್ಮ ಬೆರಳುಗಳ ಮೇಲೆ ನನಗೂ ಗೌರವ ಇದೆ," ಎಂದು ಅವರು ಮುಂದಕ್ಕೆ ಉಕ್ಕು ಕೂರಿಸಿದ ಬೂಟು ಕೊಟ್ಟರು. ಒಂದೊಂದೂ ಕುರಿಮರಿಯಷ್ಟು ತೂಕವಿತ್ತು.

ಆಮೇಲೆ ಸುತ್ತಿಗೆ ಕೈಗೆ ಬಂದ ತಕ್ಷಣ ನಾನು ಕುಕ್ಕರುಗಾಲಲ್ಲಿ ಕೂತೆ. ನಮ್ಮಲ್ಲಿ ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲು ನೆಲಮಟ್ಟದಲ್ಲಿರುತ್ತದೆ. ಅಲ್ಲಿ ಅದು ಸೊಂಟದೆತ್ತರ. ಅಡಿಗಲ್ಲಿನ ಆಚೆಯಿಂದ ಅಲನ್ ಬಗ್ಗಿ, "ಏನಾದರೂ ಬಿತ್ತೇ?" ಎಂದು ಕೇಳಿದರು.

ಮೂರನೆಯ ದಿನ

ಕಬ್ಬಿಣದ ಪಟ್ಟಿಯನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ, ನಡುವಿಗೆ ಬಗ್ಗಿಸಿ, ಒಂದೊಂದು ತೋಳನ್ನು ಗೊರಸಿನ ಆಕಾರಕ್ಕೆ ತಿರುಗಿಸಬೇಕು. ಆಮೇಲೆ ಒಂದು ಮೈ ಮೇಲೆ ಗಾಡಿ, ಅಂದರೆ ಸಣ್ಣ ಕಾಲುವೆಯಂಥ ಗೀರು, ಕೊರೆದು ಅದರಲ್ಲಿ ಮೊಳೆಯ ತೂತು ಹೊಡೆಯಬೇಕು. ಮೊಳೆಯ ತಲೆ ಈ ಗಾಡಿಯೊಳಗೆ ಇಳಿದು ಕೂರುತ್ತದೆ. ಹಾಗಾಗಿ ಗಾಡಿ ಇರುವ ಮೈ ನೆಲದ ಕಡೆ, ಸಪಾಟಾದ ಮೈ ಗೊರಸಿನ ಕಡೆ. ಇದು ಬದಲಾಗುವಂತಿಲ್ಲ. ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ನನ್ನ ಮೊದಲ ಲಾಳ ಪ್ರಶ್ನಾರ್ಥಕ ಚಿಹ್ನೆಯಂತಿತ್ತು. ಎರಡನೆಯದು ಉರಿದು ಹೋಯಿತು. ಬೆಂಕಿಯಲ್ಲಿ ಕಬ್ಬಿಣ ಇಟ್ಟು ನಾನು ಟಿಪ್ಪಣಿ ಬರೆಯುತ್ತಿದ್ದೆ, ಅದು ಸುರುಸುರು ಬತ್ತಿಯಂತೆ ಕಿಡಿ ಕಾರಿತು. ಗ್ವೆನ್ ನನ್ನ ಟಿಪ್ಪಣಿ ಪುಸ್ತಕವನ್ನು ತೆಗೆದು ಮೇಲಿನ ಕಪಾಟಿನಲ್ಲಿಟ್ಟರು. ಇಲ್ಲಿಂದ ಮುಂದಿನ ವಿವರಗಳು ನೆನಪಿನಿಂದ ಬರೆದವು.

ಅಂದು ತಿಳಿದ ಇನ್ನೊಂದು ಸಂಗತಿ: ಆ ದೇಶದಲ್ಲಿ ವರ್ಷಗಟ್ಟಲೆ ಒಬ್ಬರ ಕೈಕೆಳಗೆ ಕಲಿತು, ಪರೀಕ್ಷೆ ಪಾಸಾಗಿ, ಹೆಸರು ನೋಂದಾಯಿಸದ ಹೊರತು ಜೀವಂತ ಕುದುರೆಯ ಕಾಲಿಗೆ ಮೊಳೆ ಹೊಡೆಯುವುದು ಅಪರಾಧ. ಸಮುದ್ರ ದಾಟಿ ಬಂದ ನನಗೆ ಮೊಳೆ ಹೊಡೆಯಲು ಸಿಗುವುದು ಸತ್ತ ಕುದುರೆಯ ಕಾಲು ಮಾತ್ರ. ಅದು ಹಿಂದಿನ ಕೋಣೆಯ ಫ್ರೀಜರಿನಲ್ಲಿ ಬಟಾಣಿಯ ಪೊಟ್ಟಣಗಳ ಪಕ್ಕದಲ್ಲಿತ್ತು. ಆ ಮಧ್ಯಾಹ್ನ ಗ್ವೆನ್ ಕೊಟ್ಟ ಬಟಾಣಿ ಸೂಪನ್ನು ಅಲನ್ ಎರಡು ಬಟ್ಟಲು ಕುಡಿದರು. ನಾನು ಮಂಜುಳಾ ಕಟ್ಟಿಕೊಟ್ಟಿದ್ದ ಪುಳಿಯೋಗರೆ ತಿಂದೆ.

ಸತ್ತ ಕಾಲಿನ ಮೇಲೆ ಅವರು ಕಲಿಸಿದ್ದು ಕಿವಿಯ ಕೆಲಸ. ಮೊಳೆ ಗೊರಸಿನ ಗಟ್ಟಿ ಗೋಡೆಯಲ್ಲಿ ಹೋಗುತ್ತಿದ್ದರೆ ಪ್ರತಿ ಏಟಿಗೂ ಸದ್ದು ಗಡುಸಾಗುತ್ತದೆ. ಮೆತ್ತಗಾದರೆ ಅದು ಒಳಗಿನ ಜೀವದ ಕಡೆ ತಿರುಗಿದೆ ಎಂದರ್ಥ. ತಕ್ಷಣ ಕೀಳಬೇಕು, ಇಲ್ಲದಿದ್ದರೆ ಕುದುರೆ ಕುಂಟಾಗುತ್ತದೆ. ಅಂದೂ ಮರುದಿನವೂ ನಾನು ಸುತ್ತಿಗೆ ಸದ್ದು ಬಿಟ್ಟು ಬೇರೇನೂ ಕೇಳಿಸಿಕೊಳ್ಳಲಿಲ್ಲ.

ಆರನೆಯ ದಿನ

ಗ್ವೆನ್ ನಮ್ಮನ್ನು ಪಕ್ಕದ ತೋಟಕ್ಕೆ ಕರೆದೊಯ್ದು ಜೀವಂತ ಕುದುರೆಗೆ ಲಾಳ ಕಟ್ಟಿ ತೋರಿಸಿದರು. ಆ ಕುದುರೆಯ ಕಾಲಿನ ಸುತ್ತ ಕೂದಲು ಜೋತಾಡುತ್ತಿತ್ತು, ಪೈಜಾಮ ಹಾಕಿದಂತೆ. ಯಾರೂ ಅದನ್ನು ಕಟ್ಟಲಿಲ್ಲ. ಕೆಡವಲಿಲ್ಲ. ಗ್ವೆನ್ ಅದರ ಕಾಲನ್ನು ಎತ್ತಿ ತಮ್ಮ ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಒಬ್ಬರೇ ಕೆಲಸ ಶುರು ಮಾಡಿದರು. ಬುಡೇನ್ ಸಾಬರು ಮೊಳೆ ಹೊಡೆಯುವಾಗ ಗೌರಿಯ ಕಾಲನ್ನು ಮಾವ ಹಿಡಿದಿರುತ್ತಿದ್ದರು. ನಮ್ಮಲ್ಲಿ ಅದು ಇಬ್ಬರ ಕೆಲಸ.

ಗ್ವೆನ್ ಕಾದ ಲಾಳವನ್ನೇ ಗೊರಸಿಗೆ ಒತ್ತಿದರು. ಹಳದಿ ಹೊಗೆ ಎದ್ದು ಅವರ ತಲೆ ಕಾಣದಂತಾಯಿತು. ಕೂದಲು ಸುಟ್ಟ ವಾಸನೆ.

"ಅಯ್ಯೋ, ಸುಡ್ತೈತೆ, ಸುಡ್ತೈತೆ!" ಎಂದು ನಾನು ಕೂಗಿದೆ. ಕನ್ನಡದಲ್ಲೇ ಕೂಗಿದೆ.

ಕುದುರೆ ಆಕಳಿಸಿತು. ಗೊರಸು ನಮ್ಮ ಉಗುರಿನಂತೆ, ನೋವಿಲ್ಲ, ಲಾಳ ಎಲ್ಲೆಲ್ಲಿ ತಾಗುತ್ತಿದೆ ಎಂದು ಸುಟ್ಟ ಗುರುತು ತೋರಿಸುತ್ತದೆ ಎಂದು ಗ್ವೆನ್ ಹೊಗೆಯೊಳಗಿನಿಂದ ವಿವರಿಸಿದರು. ತೋಟದ ಯಜಮಾನ ನನಗೆ ಟೀ ತಂದುಕೊಟ್ಟ. ಆ ದೇಶದಲ್ಲಿ ಯಾರು ಗಾಬರಿಯಾದರೂ ಟೀ ಕೊಡುತ್ತಾರೆ. ಅದು ನಮ್ಮಂತೆಯೇ. ಸಕ್ಕರೆ ಹಾಕುವುದಿಲ್ಲ ಅಷ್ಟೆ.

ಎಂಟನೆಯ ದಿನ

ಅಂದು ಗೌರಿಯ ಲಾಳ ಮಾಡುವ ದಿನ. ನಮ್ಮ ಪತ್ರಿಕೆಯ ಮೂರನೇ ಪುಟವನ್ನು ಮೇಜಿನ ಮೇಲೆ ಬಿಡಿಸಿದೆ. ಗ್ವೆನ್ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ಎಡಗಾಲು ಎಂದಿರಲ್ಲ?"

"ಹೌದು."

"ಮೇಲಿನಿಂದ ನೋಡಿ ಬರೆದದ್ದೋ, ಅಂಗಾಲು ತಿರುಗಿಸಿ ನೋಡಿ ಬರೆದದ್ದೋ?"

ನನಗೆ ಸಂಶಯವೇ ಬರಲಿಲ್ಲ. ಮತ್ತೋಡಿನ ಸಂತೆಯಲ್ಲಿ ನೂರು ಸಲ ನೋಡಿದ್ದೇನೆ. ಪ್ರಾಣಿಯನ್ನು ಕೆಡವಿ, ಅಂಗಾಲಿಗೆ ಕಾಗದ ಒತ್ತಿ, ಸುತ್ತ ಇದ್ದಲು ಉಜ್ಜಿ ಅಳತೆ ತೆಗೆಯುತ್ತಾರೆ. ಲಾಳದ ಅಳತೆಯನ್ನು ಬೇರೆ ರೀತಿ ತೆಗೆಯುವುದನ್ನು ನಾನು ಕಂಡೇ ಇಲ್ಲ.

"ಅಂಗಾಲು ತಿರುಗಿಸಿ," ಎಂದೆ.

"ಕಾಗದ ನಡುವೆ ಹರಿದಿದೆಯಲ್ಲ. ಭಾರ ಬಿದ್ದ ಹಾಗಿದೆ."

"ಬಸ್ಸಿನಲ್ಲಿ ಬಂದದ್ದು."

"ಬರೆದವರನ್ನು ಒಮ್ಮೆ ಕೇಳುತ್ತೀರಾ?"

"ಬೇಕಾಗಿಲ್ಲ," ಎಂದೆ. ನಮ್ಮಲ್ಲಿ ಆಗ ಸಂಜೆ ಐದು ಗಂಟೆ. ಮಾವ ಎದ್ದೇ ಇದ್ದರು. ಫೋನು ನನ್ನ ಜೇಬಿನಲ್ಲೇ ಇತ್ತು.

ಅಂಗಾಲು ತಿರುಗಿಸಿ ಬರೆದ ಚಿತ್ರವಾದರೆ ನಮ್ಮ ಕಣ್ಣಿಗೆ ಕಾಣುವ ಮೈ ನೆಲದ ಮೈ. ಆ ಮೈಗೇ ಗಾಡಿ ಕೊರೆದೆ. ಐದು ಗಂಟೆ ಹಿಡಿಯಿತು. ಒಂದು ಬದಿಯ ಉಬ್ಬು, ಇನ್ನೊಂದು ಬದಿಯ ನೇರ ಗೆರೆ, ಎರಡೂ ಇದ್ದಲಿನ ಗೀಟಿನ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತವು. ಅಲನ್ ಚಪ್ಪಾಳೆ ತಟ್ಟಿದರು. ಗ್ವೆನ್ ಲಾಳವನ್ನು ಬೆಳಕಿಗೆ ಹಿಡಿದು, "ಇದನ್ನು ನಾನೇ ಮಾಡಿದೆ ಎಂದು ಹೇಳಿಕೊಳ್ಳಬಹುದು," ಎಂದರು. ನಾನು ಫೋಟೊ ತೆಗೆದು ಮಾವನಿಗೆ ಕಳಿಸಿದೆ. ಮಾವ ಅದನ್ನು ದಲ್ಲಾಳಿಗೆ ಕಳಿಸಿದರು.

ಹತ್ತನೆಯ ದಿನ

ಅಲನ್ ತಾವು ಮಾಡಿದ ಲಾಳವನ್ನು ಎಡಗೈ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು. ಗ್ವೆನ್ ನನಗೆ ಎರಡು ಪೊಟ್ಟಣ ಕುದುರೆ ಮೊಳೆ, ಒಂದು ಹಳೆಯ ಅರ, ಆ ಬೂಟು ಕೊಟ್ಟರು. ನಾನು ಕೊಡಲು ಏನೂ ತಂದಿರಲಿಲ್ಲ. ಮೊದಲ ದಿನವೇ ನಾನು ತಂದು ಗೋಡೆಗೆ ತೂಗುಹಾಕಿದ್ದ ಈರಣ್ಣನವರ ಹಗ್ಗವನ್ನು ಅವರು ಮುಟ್ಟಿ ನೋಡಿದರು. ಕತ್ತಾಳೆ ನಾರನ್ನು ಕೈಯಲ್ಲಿ ಹೊಸೆದದ್ದು, ಅಂಥದ್ದು ಅಲ್ಲಿ ಸಿಗುವುದಿಲ್ಲವಂತೆ. ಇಟ್ಟುಕೊಳ್ಳಿ ಎಂದೆ. ಹೇಳಿದ ಮೇಲೆ ಈರಣ್ಣನವರ ಮುಖ ನೆನಪಾಯಿತು.

ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಧನ್ಯವಾದ ಹೇಳಿದೆ. ಅದೇ ಅಜ್ಜಿ ಇದ್ದರು. ತಲೆಯಾಡಿಸಿದರು.

ಮತ್ತೆ ಆದಿವಾಲ

ಹೊಸದುರ್ಗದ ಮದುವೆಗೆ ನಾಲ್ಕು ದಿನ ಉಳಿದಿತ್ತು. ಮಾವ, ಅತ್ತೆ, ಗೌರಿ ಮೂವರೂ ಬೇವಿನ ಮರದ ಕೆಳಗೆ ಕಾದಿದ್ದರು. ನಾನು ಗ್ವೆನ್ ಮಾಡಿದಂತೆಯೇ ಗೌರಿಯ ಎಡಗಾಲನ್ನು ಎತ್ತಿ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡೆ. ಗೌರಿ ಹಿಂದಿನಿಂದ ನನ್ನ ಅಂಗಿಯ ಕಾಲರನ್ನು ಹಲ್ಲಿನಲ್ಲಿ ಹಿಡಿಯಿತು. ಆಮೇಲೆ ತನ್ನ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು ಆರಾಮಾಗಿ ನಿಂತಿತು. ನಾನು ಕಲಗಚ್ಚಿನ ತೊಟ್ಟಿಗೆ ಒರಗಿದೆ. ತೊಟ್ಟಿ ಮಗುಚಿತು.

"ಫಾರಿನ್‌ನಾಗೆ ಹಿಂಗೇನಾ ಕಟ್ಟೋದು?" ಎಂದರು ಅತ್ತೆ.

ಮಾವ ಬಂದು ಗೌರಿಯ ಕಾಲನ್ನು ಎತ್ತಿ ಹಿಡಿದರು. ನಾನು ಲಾಳವನ್ನು ಗೊರಸಿಗೆ ಇಟ್ಟೆ.

ಉಬ್ಬು ಒಳಗಡೆ ಬಂತು. ನೇರ ಗೆರೆ ಹೊರಗಡೆ ಹೋಯಿತು. ಗೊರಸು ಒಂದು ಕಡೆ ಬೆರಳಗಲ ಹೊರಗೆ, ಇನ್ನೊಂದು ಕಡೆ ಲಾಳ ಬೆರಳಗಲ ಹೊರಗೆ. ಬಲಗಾಲಿಗೆ ಹಿಡಿದು ನೋಡಿದೆವು. ಬಲಗೊರಸು ದುಂಡಗಿದೆ, ಅದಕ್ಕೂ ಆಗಲಿಲ್ಲ.

ಅತ್ತೆ ಲಾಳವನ್ನು ಕೈಗೆ ತಗೊಂಡು ಮಗುಚಿ ಇಟ್ಟರು. ಅಚ್ಚು ಹೊಯ್ದಂತೆ ಕೂತಿತು. ಆದರೆ ಈಗ ಗಾಡಿ ಇರುವ ಮೈ ಗೊರಸಿನ ಕಡೆಗಿತ್ತು. ಮೊಳೆಯ ತಲೆ ಕೂರಲು ಜಾಗವಿರಲಿಲ್ಲ.

"ಮಾವ, ಅಳತೆ ಹೆಂಗೆ ತಗಂಡ್ರಿ?"

"ಹೆಂಗೆ ಅಂದ್ರೆ? ಪೇಪರ್ ಹಾಸಿ, ಅದರ ಮ್ಯಾಲೆ ಕಾಲಿಡಿಸಿ, ಸುತ್ತ ಇದ್ದಲಾಗೆ ಎಳ್ದೆ."

"ಕೆಡವಲಿಲ್ವಾ?"

"ಕೆಡವಾಕೆ ಹೋಗಿ ಈರಣ್ಣ ಎಲ್ಲಿ ಬಿದ್ದಿದ್ದ ಅಂತ ನೀನೇ ನೋಡಿದ್ಯಲ್ಲೋ!"

ತಿದ್ದುಪಡಿ: ಎಂಟನೆಯ ದಿನದ ವಿವರದಲ್ಲಿ, ಚಿತ್ರವನ್ನು ಅಂಗಾಲು ತಿರುಗಿಸಿ ಬರೆಯಲಾಗಿದೆ ಎಂದು ನಾನು ಹೇಳಿದ್ದೆ. ಅದು ತಪ್ಪು. ಚಿತ್ರವನ್ನು ಮೇಲಿನಿಂದ ನೋಡಿ ಬರೆಯಲಾಗಿತ್ತು. ಎಡ ಚಪ್ಪಲಿಯ ಅಟ್ಟೆಯನ್ನು ಮಗುಚಿದರೆ ಬಲಗಾಲಿನದ್ದಾಗುವಂತೆ ಲಾಳವೂ ಆಗಿದೆ. ಕಾಗದ ಹರಿದದ್ದು ಬಸ್ಸಿನಲ್ಲಲ್ಲ, ಕುದುರೆಯ ಭಾರಕ್ಕೆ. ವರದಿಗಾರರು ಹೀಗೆ ಕೇಳದೆ ಬರೆದಾಗ ನಾನು ಅವರನ್ನು ನಿಲ್ಲಿಸಿ ಫೋನ್ ಮಾಡಿಸಿದ್ದೇನೆ. ತಪ್ಪಿಗೆ ವಿಷಾದಿಸುತ್ತೇನೆ.

ಮಾವ ಗೌರಿಯ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. "ದಲ್ಲಾಳಿ ನಾಳಿದ್ದು ಬರ್ತೀನಿ ಅಂದವ್ನೆ," ಎಂದರು. ಈ ಸಲವೂ ಬಾವಿಯ ಕಡೆ ನೋಡಿಕೊಂಡೇ ಹೇಳಿದರು.

ಹೊಳಲ್ಕೆರೆ

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಒಂಬತ್ತೂವರೆಗೆ ಈರಣ್ಣನವರ ಕುಲುಮೆ ತಲುಪಿದೆ. ಕೈಯಲ್ಲಿ ತಪ್ಪು ಲಾಳ, ಕಾಲಿಗೆ ಗ್ವೆನ್ ಕೊಟ್ಟ ಬೂಟು.

"ಬರ್ರಿ ಬರ್ರಿ. ಹಗ್ಗ ಎಲ್ಲಿ?" ಎಂದರು ಈರಣ್ಣ.

"ಅಲ್ಲೇ ಐತೆ."

"ಅಲ್ಲೇ ಅಂದ್ರೆ?"

"ವೇಲ್ಸ್‌ನಾಗೆ. ನಮ್ಮ ಗುರುಗಳಿಗೆ ಕೊಟ್ಟೆ."

ಅವರು ಇಕ್ಕಳ ಕೆಳಗಿಟ್ಟರು. "ಏನಂದ್ರು?"

"ಇಂಥ ಹಗ್ಗ ನಮ್ಮಲ್ಲಿ ಸಿಗಲ್ಲ ಅಂದ್ರು."

"ಸಿಗಲ್ಲ," ಎಂದು ಒಪ್ಪಿದರು ಈರಣ್ಣ. ನಾನು ಒಳಗೆ ಹೆಜ್ಜೆ ಇಟ್ಟೆ. "ಹೋಯ್, ಬೂಟು ಬಿಚ್ರಿ! ಕುಲುಮೆ ಇದು."

ಬೂಟು ಹೊರಗೆ ಬಿಟ್ಟು ಕುಕ್ಕರುಗಾಲಲ್ಲಿ ಕೂತೆ. ಹತ್ತು ದಿನ ನಿಂತು ಬಡಿದ ಕೈಗೆ ನೆಲದ ಅಡಿಗಲ್ಲು ಸಿಗಲಿಲ್ಲ. ಮೊದಲ ಎರಡು ಏಟು ಮಣ್ಣಿಗೆ ಬಿದ್ದವು. ತಿದಿ ಒತ್ತುತ್ತಿದ್ದ ಈರಣ್ಣನವರ ಹೆಂಡತಿ ಗಂಗಮ್ಮ ಸೆರಗು ಬಾಯಿಗೆ ಹಿಡಿದರು.

ಈ ಸಲ ಕಾಗದ ಬೇಕಾಗಲಿಲ್ಲ. ತಪ್ಪು ಲಾಳವನ್ನು, ಅತ್ತೆ ಮಗುಚಿಟ್ಟ ಹಾಗೆ, ಗಾಡಿ ಮೇಲೆ ಬರುವಂತೆ ನೆಲದ ಮೇಲಿಟ್ಟೆವು. ಹೊಸ ಲಾಳದಲ್ಲಿ ಹಾಗೆ ಮೇಲೆ ಕಾಣುವುದು ಗೊರಸಿನ ಕಡೆಯ ಮೈ ಆಗಬೇಕು, ಗಾಡಿ ಅದರ ಆಚೆ ಮೈಗೆ ಬೀಳಬೇಕು. ಇದನ್ನು ನಾನು ಗೌರಿಯ ಕಾಲಿಗೇ ಹಿಡಿದು ನೋಡಿ ಖಚಿತಪಡಿಸಿಕೊಂಡೇ ಬಂದಿದ್ದೆ. ಹೊಸದಾಗಿ ಹೊಡೆಯುವ ಲಾಳದ ಮೇಲೆ ಸೀಮೆಸುಣ್ಣದಲ್ಲಿ 'ಈ ಮೈ ಅಲ್ಲ' ಎಂದು ಬರೆದೆ. ಕಾಯಿಸಿದಾಗ ಸುಣ್ಣ ಅಳಿಸಿಹೋಯಿತು. ಅಷ್ಟೂ ಹೊತ್ತು ಗಂಗಮ್ಮ ತಿದಿಯ ಬಳಿಯಿಂದ "ಈ ಮೈ ಅಲ್ರೀ, ಈ ಮೈ ಅಲ್ಲ" ಎಂದು ನೆನಪಿಸುತ್ತಿದ್ದರು.

ಒಂದನ್ನು ನಾನು ಸುಟ್ಟೆ. ಇನ್ನೊಂದರ ತೋಳು ಗಿಡ್ಡವಾಯಿತು. ನಾನು ಇಕ್ಕಳದಲ್ಲಿ ಹಿಡಿದು, ಈರಣ್ಣ ದೊಡ್ಡ ಸುತ್ತಿಗೆ ಹೊಡೆದು, ಮಧ್ಯಾಹ್ನ ಮೂರಕ್ಕೆ ಮೂರನೆಯದು ಮುಗಿಯಿತು. ತಪ್ಪು ಲಾಳದ ಮೇಲೆ ಇಟ್ಟು ನೋಡಿದೆವು. ಸಪಾಟು ಮೈಗೆ ಸಪಾಟು ಮೈ ತಾಗಿ, ಕೈ ಮುಗಿದಂತೆ ಕೂ‌ತವು.

"ಒಂದು ಕಾಲಿಗೆ ಎರಡು ಲಾಳ," ಎಂದರು ಈರಣ್ಣ. "ಕಡೆಗೂ ಎತ್ತಿನ ಲೆಕ್ಕಕ್ಕೇ ಬಂದ್ರಿ ನೋಡ್ರಿ."

ಬೇವಿನ ಮರ

ದಲ್ಲಾಳಿ ಮರುದಿನ ಬೆಳಿಗ್ಗೆ ಹತ್ತಕ್ಕೆ ಬಂದರು. ಆಗ ಮಾವ ಗೌರಿಯ ಕಾಲು ಹಿಡಿದಿದ್ದರು, ನಾನು ಎರಡನೇ ಮೊಳೆಯಲ್ಲಿದ್ದೆ. ಈರಣ್ಣ ನನ್ನ ಜೊತೆಯಲ್ಲೇ ಬಂದಿದ್ದರು. ಅವರು ಬೇವಿನ ಮರದ ಆಚೆ ಬದಿಯಲ್ಲಿ, ಈ ಸಲ ತಾವಾಗಿಯೇ, ನಿಂತಿದ್ದರು.

"ಕುಂತ್ಕಳ್ರಿ," ಎಂದರು ಅತ್ತೆ ದಲ್ಲಾಳಿಗೆ. "ಮಾತಾಡಬ್ಯಾಡ್ರಿ. ಅವನು ಸದ್ದು ಕೇಳ್ತಾನೆ."

ಮೂರನೇ ಮೊಳೆ ಗಡುಸಾಗಿ ಹೋಯಿತು. ನಾಲ್ಕನೆಯದು ಎರಡನೇ ಏಟಿಗೆ ಮೆತ್ತಗೆ ಕೇಳಿತು. ಗೌರಿಯ ಕಿವಿ ಹಿಂದಕ್ಕೆ ಹೋಯಿತು. ಮೊಳೆ ಕಿತ್ತೆ. ರಕ್ತ ಇರಲಿಲ್ಲ. ಮಾವ ನನ್ನ ಮುಖ ನೋಡಿದರು, ಕಾಲು ಬಿಡಲಿಲ್ಲ. ಹೊಸ ಮೊಳೆ ತೆಗೆದು, ತುದಿಯನ್ನು ಸ್ವಲ್ಪ ಹೊರಗೆ ವಾಲಿಸಿ ಮತ್ತೆ ಹೊಡೆದೆ. ಗಡುಸಾಯಿತು. ಐದು, ಆರು. ಹೊರಬಂದ ತುದಿಗಳನ್ನು ಕತ್ತರಿಸಿ, ಮಡಚಿ, ಅರ ಹಾಕಿದೆ.

ಮಾವ ಗೌರಿಯನ್ನು ಮನೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಆಚೆಯಿಂದ ಈಚೆಗೆ ಒಂದು ಸಲ ನಡೆಸಿದರು. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ನಡೆಸಿದರು.

"ನಾಲ್ಕೂ ಲಾಳ ಕೇಳಿಸ್ತು," ಎಂದರು.

ಅತ್ತೆ ಒಳಗೆ ಹೋಗಿ ಮಜ್ಜಿಗೆ ತಂದರು. ಮೊದಲ ಲೋಟ ಮಾವನಿಗೆ. ದಲ್ಲಾಳಿ ತಮ್ಮ ಲೋಟ ಕುಡಿದು, ತಾವು ತಂದಿದ್ದ ಹಗ್ಗವನ್ನು ಸುತ್ತಿಕೊಂಡು ಹನ್ನೊಂದೂವರೆಯ ಬಸ್ಸಿಗೆ ಹೊರಟರು. ಆ ಹಗ್ಗ ನೈಲಾನಿನದ್ದು ಎಂದು ಈರಣ್ಣ ಮರದ ಹಿಂದಿನಿಂದ ಗಮನಕ್ಕೆ ತಂದರು.

ಹೊಸದುರ್ಗ

ಎರಡು ದಿನದ ನಂತರ ಗೌರಿ ಹೊಸದುರ್ಗದಲ್ಲಿ ಬಸ್ ನಿಲ್ದಾಣದಿಂದ ಕಲ್ಯಾಣ ಮಂಟಪದವರೆಗೆ ಟಾರ್ ರಸ್ತೆಯಲ್ಲಿ ಮದುಮಗನನ್ನು ಹೊತ್ತು ನಡೆಯಿತು. ಲಾಳ ಬೀಳಲಿಲ್ಲ. ಪೇಟವೂ ಬೀಳಲಿಲ್ಲ, ಅದಕ್ಕೆ ಪಿನ್ನು ಹಾಕಿದ್ದರು. ಆಮೇಲೆ ಹೊಳಲ್ಕೆರೆಯಲ್ಲಿ ಒಂದು, ಮದಕರಿಪುರದಲ್ಲಿ ಒಂದು ಮದುವೆ ಆಗಿದೆ.

ತಪ್ಪು ಲಾಳ ಮಾವನ ಮನೆಯ ಬಾಗಿಲ ಮೇಲಿದೆ. ಅದರ ಫೋಟೊ ಕಳಿಸಿ, ಆದದ್ದನ್ನೆಲ್ಲ ಗ್ವೆನ್ ಅವರಿಗೆ ಬರೆದೆ. ಅವರ ಉತ್ತರದಲ್ಲಿ ಈರಣ್ಣನವರ ಹಗ್ಗದ ಫೋಟೊ ಇತ್ತು. ಅದನ್ನು ಕುಲುಮೆಯ ಗೇಟಿಗೆ ಕಟ್ಟಿದ್ದಾರೆ. ಗೇಟಿನ ಆಚೆ ಕುರಿಗಳಿದ್ದವು, ಕಾಯುವವರು ಇರಲಿಲ್ಲ.

ಇಂದು ಲಾಳ ಕಟ್ಟಿದ ನಲವತ್ತೊಂದನೆಯ ದಿನ. ನಾಲ್ಕನೇ ಮೊಳೆ ಸಡಿಲವಾಗಿದೆ ಎಂದು ಮಾವ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ ತಿಳಿಸಿದರು. ಹೊರಗಡೆಯದೋ ಒಳಗಡೆಯದೋ ಎಂದು ಕೇಳಿದೆ. ಹೊರಗಡೆಯದು ಎಂದರು. ಅಂಗಾಲು ತಿರುಗಿಸಿ ನೋಡಿ ಹೇಳಿ ಎಂದೆ. ಫೋನು ಕೆಳಗಿಟ್ಟು ಹೋಗಿ ನೋಡಿ ಬಂದು, ಹೊರಗಡೆಯದೇ ಎಂದರು. ಅರ, ಸುತ್ತಿಗೆ, ಆರು ಮೊಳೆ ತೆಗೆದುಕೊಂಡು ಹತ್ತೂವರೆಯ ಬಸ್ಸಿಗೆ ಆದಿವಾಲಕ್ಕೆ ಹೊರಟಿದ್ದೇನೆ.